ಉಬ್ಬಸವನ್ನು ಗುಟ್ಟು ಮಾಡುವುದೇಕೆ?

ಕಳೆದ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ನನಗೆ ರಾತ್ರಿ ಕೆಮ್ಮು ಶುರುವಾಯಿತು. ಮಲಗಿದರೆ ಎದೆಯುರಿ, ಬೆಳಗಿನ ಜಾವ ಉಸಿರು ಕಟ್ಟಿದಂತೆ. ‘ಮೆಸ್ ಊಟ, ಜೊತೆಗೆ ಟೆನ್ಷನ್’ ಎಂದು ಹಾಸ್ಟೆಲ್ ಗೆಳತಿಯರು ನಕ್ಕರು. ನಾನೂ ಆ್ಯಸಿಡಿಟಿ ಮಾತ್ರೆ ನುಂಗಿ ಓದುತ್ತಾ ಕೂತೆ. ಕೊನೆಗೆ ವೈದ್ಯರ ಬಳಿ ಹೋದಾಗ, ‘ಮನೆಯಲ್ಲಿ ಯಾರಿಗಾದರೂ ಉಬ್ಬಸ, ಅಲರ್ಜಿ ಇದೆಯಾ?’ ಎಂದು ಕೇಳಿದರು. ‘ಇಲ್ಲ’ ಎಂದೆ. ನನಗೆ ಗೊತ್ತಿದ್ದದ್ದೇ ಅಷ್ಟು.

ಊರಿಗೆ ಫೋನ್ ಮಾಡಿದಾಗ ಅಮ್ಮ ದನಿ ತಗ್ಗಿಸಿದರು. ‘ನಿನ್ ಚಿಕ್ಕಮ್ಮಂಗೆ ಸಣ್ಣೋಳಿದ್ದಾಗಿಂದ ಉಬ್ಬಸ ಕಣೇ. ಮದುವೆಗೆ ತೊಂದ್ರೆ ಆಗುತ್ತೆ ಅಂತ ಅಜ್ಜಿ ಯಾರಿಗೂ ಹೇಳಿರ್ಲಿಲ್ಲ. ನಂಗೂ ಇಸುಬಿತ್ತು. ನೀನೂ ಎಲ್ಲರ ಹತ್ರ ಹೇಳ್ಕೊಂಡು ಬರ್ಬೇಡ’ ಎಂದರು.

ಇಸುಬು, ಉಬ್ಬಸ, ಅಲರ್ಜಿ ಶೀತ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳುವುದು ಆಕಸ್ಮಿಕವೇನಲ್ಲ. ಚರ್ಮಕ್ಕೆ ರಕ್ಷಣೆ ಕೊಡುವ ಫಿಲಾಗ್ರಿನ್ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬಿನ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲೇ ತಿಳಿಯಿತು. 2017ರಲ್ಲಿ 3.6 ಲಕ್ಷ ಜನರ ಡಿಎನ್‌ಎ ಮಾಹಿತಿ ಪರಿಶೀಲಿಸಿದ ವಿಜ್ಞಾನಿಗಳು, ಈ ಕಾಯಿಲೆಗಳ ಜೊತೆ ನಂಟಿರುವ 136 ವ್ಯತ್ಯಾಸಗಳನ್ನು ಗುರುತಿಸಿದರು. ಅವುಗಳಲ್ಲಿ ಬಹುಪಾಲು ಮೂರಕ್ಕೂ ಸೇರಿದವು. ಎದೆಯುರಿಯೂ ಬರೀ ಮೆಸ್ ಊಟದ ತಪ್ಪಲ್ಲ. ಅದರಲ್ಲಿ ವಂಶದ ಪಾಲು ಸುಮಾರು ಶೇ 31ರಿಂದ 43 ಎಂದು ಸ್ವೀಡನ್ ಮತ್ತು ಬ್ರಿಟನ್ನಿನ ಅವಳಿಗಳ ಅಧ್ಯಯನಗಳು ಹೇಳಿವೆ. ಎದೆಯುರಿ ಮತ್ತು ಉಬ್ಬಸದ ನಡುವೆಯೂ ವಂಶವಾಹಿ ಮಟ್ಟದ ನಂಟು ಇತ್ತೀಚಿನ ಅಧ್ಯಯನಗಳಲ್ಲಿ ಕಂಡಿದೆ. ಮೇಲೇರಿದ ಆಮ್ಲ ಶ್ವಾಸನಾಳವನ್ನು ಕೆರಳಿಸಿದರೆ ಉಬ್ಬಸವೂ ಜೋರಾಗುತ್ತದೆ.

ಹಾಗೆಂದು ವಂಶವಾಹಿ ಹಣೆಬರಹವಲ್ಲ. ಅಮ್ಮನಿಗಿದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಎಂದಿಲ್ಲ. ದೂಳು, ಹೊಗೆ, ಊಟ, ನಿದ್ದೆಗೂ ಪಾಲಿದೆ. ಆದರೆ ಮನೆಯ ಇತಿಹಾಸ ಗೊತ್ತಿದ್ದರೆ ವೈದ್ಯರಿಗೆ ದಾರಿ ಬೇಗ ಸಿಗುತ್ತದೆ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಟ್ಟರೆ ನಾವು ಮೊದಲು ಹಳೆಯ ರೀಡಿಂಗ್ ನೋಡುತ್ತೇವೆ. ದೇಹದ ರೀಡಿಂಗನ್ನು ಮಾತ್ರ ಮದುವೆ, ಮರ್ಯಾದೆಯ ಹೆಸರಲ್ಲಿ ಮುಚ್ಚಿಡುತ್ತೇವೆ. ಅದರ ಬೆಲೆ ತೆರುವವರು ಮುಂದಿನ ತಲೆಮಾರಿನವರು.

ಸ್ನೇಹಿತರೇ, ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜಿ, ಅಮ್ಮ, ಚಿಕ್ಕಪ್ಪನ ಬಳಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಹಾಸ್ಟೆಲ್, ಪಿ.ಜಿ.ಯಲ್ಲಿ ಒಂಟಿಯಾಗಿ ಮಾತ್ರೆ ನುಂಗುವ ಬದಲು ಎದೆಯುರಿ, ಕೆಮ್ಮು, ತುರಿಕೆ ಎಲ್ಲವನ್ನೂ ಒಬ್ಬರೇ ವೈದ್ಯರಿಗೆ ಹೇಳಿ.

ನಾನಂತೂ ಈಗ ಇನ್‌ಹೇಲರನ್ನು ಬ್ಯಾಗಿನ ಹೊರ ಜೇಬಿನಲ್ಲೇ ಇಟ್ಟುಕೊಂಡು ಕ್ಲಾಸಿಗೆ ಹೋಗುತ್ತೇನೆ. ಯಾರಾದರೂ ಕೇಳಿದರೆ, ‘ನಮ್ಮ ಚಿಕ್ಕಮ್ಮನಿಗೂ ಇದೆ’ ಎನ್ನುತ್ತೇನೆ.