ಮದ್ದು ಮಡಿಕೇರಿಗೆ ಬರಲಿ

ಬಾಯಿ, ಗಂಟಲಿನ ಕ್ಯಾನ್ಸರ್ ಉಲ್ಬಣಿಸಿದ ಬಡರೋಗಿಯನ್ನು ‘ಇಮ್ಯುನೊಥೆರಪಿ ದುಬಾರಿ’ ಎಂದಷ್ಟೇ ಹೇಳಿ ವಾಪಸು ಕಳುಹಿಸುವುದಕ್ಕೆ ಈಗ ಸಮರ್ಥನೆಯಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2022ರಲ್ಲೇ ಆ ನೆಪವನ್ನು ಕಿತ್ತುಹಾಕಿದ್ದಾರೆ.

ವಾಸಿಯಾಗುವ ಹಂತ ದಾಟಿದ್ದ 151 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಅವರು ಮೂರು ಹಳೆಯ ಔಷಧಿಗಳನ್ನು ನುಂಗಲು ಕೊಟ್ಟರು: ಕೀಲುವಾತಕ್ಕೂ ಬಳಸುವ ಮೆಥೊಟ್ರೆಕ್ಸೇಟ್, ಮಂಡಿನೋವಿಗೆ ಬರೆದುಕೊಡುವ ಸೆಲೆಕಾಕ್ಸಿಬ್, ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಎರ್ಲೊಟಿನಿಬ್. ಅರ್ಧದಷ್ಟು ಮಂದಿಗೆ ಜೊತೆಯಲ್ಲಿ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದು. ಈ ಮದ್ದಿನ ರೂಢಿಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಬರೀ ಮಾತ್ರೆ ನುಂಗಿದವರಲ್ಲಿ ಒಂದು ವರ್ಷ ಬದುಕಿದವರು ಶೇ 16.3, ನಿವೊಲುಮ್ಯಾಬ್ ಪಡೆದವರಲ್ಲಿ ಶೇ 43.4. ಪೂರ್ಣ ಡೋಸ್‌ಗೆ ಇದು ಸಮವೆಂದು ಆ ಅಧ್ಯಯನ ಸಾಬೀತು ಮಾಡಿಲ್ಲ, ನಿಜ. ಆದರೆ ಪೂರ್ಣ ಡೋಸ್ ಎಂದೂ ಕೈಗೆಟುಕದವನಿಗೆ ಆ ಹೋಲಿಕೆಯಿಂದ ಆಗಬೇಕಾದ್ದೇನು?

ಕೊಡಗಿನಲ್ಲಿ ಈ ಕ್ಯಾನ್ಸರ್ ದೂರದ ಮಾತಲ್ಲ. ಕಾಫಿ ತೋಟದ ಲೈನ್‌ಮನೆಗಳಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ದಿನದ ದುಡಿಮೆಯ ಜೊತೆಗೇ ಸಾಗುತ್ತವೆ. ಬಾಯಿ ಪೂರ್ತಿ ತೆರೆಯಲಾಗದೆ, ಗಂಜಿಯೂ ಇಳಿಯದೆ ಆಸ್ಪತ್ರೆಗೆ ಹೊರಡುವ ಕೂಲಿಯಾಳಿಗೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅದರ ಎರಡರಷ್ಟು ದೂರ. ಜೊತೆಗೆ ಹೋಗುವವರ ಕೂಲಿಯೂ ತಪ್ಪುತ್ತದೆ. ಮಳೆಗಾಲದಲ್ಲಿ ದಾರಿಯೇ ನಂಬಿಕೆಗೆ ಅರ್ಹವಲ್ಲ: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರಿನತ್ತ ಹೋಗುವ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತ್ತು. ಮೂರು ವಾರಕ್ಕೊಮ್ಮೆ ಇಂಥ ಪ್ರಯಾಣ ಮಾಡೆಂದರೆ ಚಿಕಿತ್ಸೆ ಬಿಡು ಎಂದಂತೆಯೇ.

ನಿವೊಲುಮ್ಯಾಬ್ 40 ಮಿಲಿಗ್ರಾಂ ಸೀಸೆಯಲ್ಲೂ ಬರುತ್ತದೆ. ತೆರೆದ ಸೀಸೆಯನ್ನು ಮುಂದಿನ ವಾರಕ್ಕೆ ಎತ್ತಿಡುವಂತಿಲ್ಲ. ಒಬ್ಬನೇ ರೋಗಿ ಬಂದ ದಿನ ಅರ್ಧ ಚೆಲ್ಲಬೇಕು. ಇಬ್ಬರು ಒಟ್ಟಿಗೆ ಬಂದರೆ ಒಂದೇ ಸೀಸೆ ಇಬ್ಬರಿಗೂ ಆಗುತ್ತದೆ. ಅಂದರೆ ಬೇಕಿರುವುದು ಹೊಸ ಕಟ್ಟಡವಲ್ಲ, ನಿಗದಿಯಾದ ದಿನ ಮತ್ತು ಕ್ರಮಬದ್ಧ ಪಟ್ಟಿ.

ಮದ್ದು ಕೊಡುವ ವಿಧಾನವೂ ಬದಲಾಗುತ್ತಿದೆ. ಇದೇ ಬಗೆಯ ಅಟೆಜೊಲಿಜುಮ್ಯಾಬನ್ನು ಅರ್ಧದಿಂದ ಒಂದು ತಾಸು ಡ್ರಿಪ್ ಹಾಕುವ ಬದಲು ಚರ್ಮದಡಿಗೆ ಸುಮಾರು 7 ನಿಮಿಷದಲ್ಲಿ ಚುಚ್ಚಲು ಬ್ರಿಟನ್ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಸಿಗೆ ಕಡಿಮೆಯಿರುವ ಆಸ್ಪತ್ರೆಗಳಿಗೆ ಅದು ದೊಡ್ಡ ಅನುಕೂಲವೇ. ಆದರೂ ನಮ್ಮ ಬಡವರಿಗೆ ನಿಮಿಷ ಉಳಿಸುವುದಕ್ಕಿಂತ ಮಿಲಿಗ್ರಾಂ ಉಳಿಸುವುದು ಮುಖ್ಯ.

ಹಳೆಯ ಔಷಧಿಗೆ ಹೊಸ ಕೆಲಸ ಎಂದೊಡನೆ, ಹುಳದ ಮಾತ್ರೆಯಿಂದ ಕ್ಯಾನ್ಸರ್ ವಾಸಿಯೆಂದು ಮೊಬೈಲ್‌ಗಳಲ್ಲಿ ಹರಿದಾಡುವ ಸುಳ್ಳನ್ನು ಯಾರೂ ಇದರ ಜೊತೆ ಸೇರಿಸಬಾರದು. ಇಲ್ಲಿರುವುದು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ. ಪೇಟೆಂಟ್ ಮುಗಿದ ಮಾತ್ರೆಯ ಮೇಲೆ ಇಂಥ ಪ್ರಯೋಗ ನಡೆಸಿದರೆ ಕಂಪನಿಗಳಿಗೆ ಲಾಭವಿಲ್ಲ. ಆದ್ದರಿಂದಲೇ ಅದು ಸರ್ಕಾರಿ ಹಣದಲ್ಲಿ, ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ನಡೆಯಬೇಕು.

ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ-ಕೇರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಬೋರ್ಡು ಹಾಕಿ ಕೈತೊಳೆದುಕೊಂಡರೆ ಸಾಲದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಕಡಿಮೆ ಡೋಸ್‌ನ ಈ ಚಿಕಿತ್ಸೆಗೆ ವಾರದಲ್ಲಿ ಒಂದು ದಿನ ಮೀಸಲಾಗಲಿ. ಶ್ವಾಸಕೋಶದ ಉರಿಯೂತ, ಥೈರಾಯ್ಡ್ ತೊಂದರೆಯಂಥ ಅಡ್ಡಪರಿಣಾಮ ಗುರುತಿಸುವ ತರಬೇತಿ ಅಲ್ಲಿನ ವೈದ್ಯರಿಗೂ ದಾದಿಯರಿಗೂ ಸಿಗಲಿ. ಆರೋಗ್ಯ ಕರ್ನಾಟಕ ಯೋಜನೆಯ ಅಡಿಯಲ್ಲಿ ರೋಗಿ ಒಂದು ಪೈಸೆಯನ್ನೂ ಕೊಡಬೇಕಾಗದಿರಲಿ. ಇದಕ್ಕೆಲ್ಲ ಆದೇಶ ಹೊರಡಿಸಲು ಆರೋಗ್ಯ ಇಲಾಖೆ ಇನ್ನೊಂದು ಮಳೆಗಾಲ ಕಾಯಕೂಡದು.