ಕರೆಂಟು ಹೋದಾಗ ಗೊತ್ತಾಗುವುದು
ವಿಂಡೋಸ್ ಗಟ್ಟಿಯೋ ಲಿನಕ್ಸ್ ಗಟ್ಟಿಯೋ ಎಂಬ ಬೆಂಗಳೂರಿನ ಜಗಳ ಆವನಿಯಂಥ ಹಳ್ಳಿ ಮುಟ್ಟುವಷ್ಟರಲ್ಲಿ ಕರೆಂಟಿನ ಪ್ರಶ್ನೆಯಾಗಿಬಿಡುತ್ತದೆ. ಅಲ್ಲಿನ ಡಿಟಿಪಿ ಅಂಗಡಿಯಲ್ಲಿ ಶಿವರಾತ್ರಿ ಜಾತ್ರೆಯ ಕರಪತ್ರ ಟೈಪ್ ಮಾಡಿಸಲು ಕೂತವರನ್ನು ಕೇಳಿ. ವಿಂಡೋಸ್ 98ರ ಕಾಲದಲ್ಲಿ ದಿಢೀರನೆ ಕರೆಂಟು ಹೋದರೆ, ಮತ್ತೆ ಆನ್ ಮಾಡಿದಾಗ ಸ್ಕ್ಯಾನ್‌ಡಿಸ್ಕಿನ ನೀಲಿ ಪರದೆ ಡಿಸ್ಕನ್ನೆಲ್ಲ ತಡವುತ್ತ ಕೂರುತ್ತಿತ್ತು. 2001ರಲ್ಲಿ ಬಂದ ಎಕ್ಸ್‌ಪಿಯ ಎನ್‌ಟಿಎಫ್‌ಎಸ್, ಅದೇ ವರ್ಷ ಲಿನಕ್ಸ್ ಕರ್ನೆಲ್ ಸೇರಿದ ಇಎಕ್ಸ್‌ಟಿ3, ಈ ಎರಡೂ ಕಡತ ವ್ಯವಸ್ಥೆಗಳು ಮೊದಲು ಚಿಟ್ಟಾದಲ್ಲಿ ಗೀಚಿಕೊಂಡು ಆಮೇಲೆ ಲೆಡ್ಜರಿಗೇರಿಸುವ ಅಂಗಡಿಯವರ ಹಾಗೆ. ನಡುವೆ ದೀಪ ಆರಿದರೂ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ. ಸೇವ್ ಮಾಡದ ಪುಟ ಮಾತ್ರ ಎರಡರಲ್ಲೂ ಹೋದದ್ದೇ! ಕರೆಂಟಿದ್ದರೂ ಯಂತ್ರ ಕೆಡುವುದುಂಟು: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ಕಂಪನಿಯ ಒಂದೇ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸು ಕೈಯಲ್ಲಿ ಬರೆದುಕೊಟ್ಟರು. ಲಿನಕ್ಸ್‌ನವರು ಅಂದು ಸ್ವಲ್ಪ ಜಾಸ್ತಿಯೇ ಬೀಗಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸೇ ಹೆಚ್ಚು ತಾಳಿದೆ. ಆದರೂ ಡಿಟಿಪಿ ಅಂಗಡಿಗೆ ಅದನ್ನು ಹಾಕಿಕೊಳ್ಳಿ ಎನ್ನಲಾರೆ. ಅವರ ಹಳೆಯ ಕಡತಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿವೆ, ನುಡಿ ಮಾಡಿದ್ದು ವಿಂಡೋಸಿಗೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದರೂ ಹೊಸ ವಿಂಡೋಸಿಗೆಂದು ಯಂತ್ರ ಬದಲಿಸುವ ದುಡ್ಡು ಆ ಅಂಗಡಿಗಳಲ್ಲಿ ಹುಟ್ಟುವುದಿಲ್ಲ.