ನೆಲವೂ ನೆಲೆಯೂ

ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು, ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ: ಈ ನೆರೆಯೂರುಗಳ ಬಾಡಿಗೆಮನೆಗಳನ್ನು ಒಂದು ಕಾಲಕ್ಕೆ ತುಂಬಿದವರು ಕಾರ್ಮಿಕರು. ಗಿರಣಿಗಳ ಸದ್ದಡಗಿತು, ಈ ಶತಮಾನದ ಆದಿಯಲ್ಲಿ ಕಾರ್ಖಾನೆಯೂ ಮುಚ್ಚಿತು. ಇಂದು ದಾವಣಗೆರೆಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ಮನೆ ಅರಸುವವರು ಬಹುಮಟ್ಟಿಗೆ ವಿದ್ಯಾರ್ಥಿಗಳು, ವರ್ಗವಾಗಿ ಬಂದ ಅಧ್ಯಾಪಕರು.

ಮನೆಗಳೂ ಬದಲಾಗಿವೆ. ಕೆಂಪು ಗಾರೆ, ಶಹಾಬಾದ್ ಕಲ್ಲುಗಳು ಹಿಂದೆ ಸರಿದು, ಗ್ರಾನೈಟ್ ಬಂದಿತು. ಈಗ ಮರದ ಹಲಗೆಯನ್ನು ಹೋಲುವ ಟೈಲ್ಸ್ ಬಂದಿದೆ. ನೆಲ ಮಿನುಗಿದಷ್ಟೂ ಬಾಡಿಗೆ ಏರುತ್ತದೆ.

ಆದರೆ ಆ ನೆಲದ ಮೇಲೆ ನೆಲೆ ಎಷ್ಟು ದಿನದ್ದು? ಕರಾರುಪತ್ರ ಸಾಮಾನ್ಯವಾಗಿ ಹನ್ನೊಂದು ತಿಂಗಳದು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲೆಂದೇ ಈ ಉಪಾಯ. ಪದವಿಗೆ ಮೂರು ವರ್ಷ, ಮನೆಗೆ ಹನ್ನೊಂದು ತಿಂಗಳು! 2021ರಲ್ಲಿ ಕೇಂದ್ರವು ರೂಪಿಸಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿತು. ಆದರೆ ರಾಜ್ಯಗಳು ಒಪ್ಪಿ ಕಾನೂನು ಮಾಡಿಕೊಳ್ಳದ ಹೊರತು ಅದು ಬರಿಯ ಮಾದರಿ.

ಮನೆ ಕೈತಪ್ಪೀತೆಂಬ ಮಾಲೀಕರ ಅಂಜಿಕೆ ನಿರಾಧಾರವೆಂದು ನಾನು ಹೇಳಲಾರೆ. ಅವರ ಹಕ್ಕನ್ನೂ ಕಾಯುವ, ವಿದ್ಯಾರ್ಥಿಯ ಓದು ಮುಗಿಯುವವರೆಗೆ ಬಾಳುವ ನೋಂದಾಯಿತ ಕರಾರೇ ಇಬ್ಬರಿಗೂ ಹಿತವೆಂದು ನನ್ನ ಎಣಿಕೆ. ಓದುವವರನ್ನು ನಂಬಿ ಬೆಳೆಯುತ್ತಿರುವ ಊರು ಅವರಿಗೆ ಅಷ್ಟು ನಿಶ್ಚಿಂತೆಯನ್ನಾದರೂ ಕೊಡಬೇಡವೆ?